ಮಾತು ಕೇಳಿದ ಮಂಜುಗಡ್ಡೆ

ಹಿಮನದಿಗಳಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂಬುದು ನಮ್ಮ ಥಂಗ್‌ಬರ್ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೈತುಂಬ ಕಲ್ಲುಮಣ್ಣು ಹೊದ್ದು, ಕಪ್ಪಗೆ ಬಿಗಿದು ಕುಳಿತು, ಜಿಪುಣನಂತೆ ತೊಟ್ಟಿಕ್ಕುವುದು ಗಂಡು. ನೀಲಿಯಾಗಿ ಹೊಳೆಯುತ್ತ ಬೇಸಗೆಯಲ್ಲಿ ಧಾರಾಳವಾಗಿ ಹರಿಯುವುದು ಹೆಣ್ಣು. ಎರಡರಿಂದಲೂ ಗಡ್ಡೆ ಕಡಿದು ತಂದು, ಬಿಸಿಲು ಬೀಳದ ಎತ್ತರದ ಕಲ್ಲುಸಂದಿಯಲ್ಲಿ ಜೊತೆಯಾಗಿ ಮಲಗಿಸಿದರೆ ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲೊಂದು ಹೊಸ ಹಿಮನದಿ ಹುಟ್ಟುತ್ತದೆ. ಕೆಳಗೆ ಶ್ಯೋಕ್ ನದಿ ಹಗಲಿರುಳು ಮೊರೆಯುತ್ತಿದ್ದರೂ ಅದರ ಒಂದು ಬೊಗಸೆ ನೀರು ನಮ್ಮ ಹೊಲಕ್ಕೆ ಹತ್ತಿ ಬಾರದು. ಮೇಲಿನ ಹಿಮ ಕರಗಿದರೆ ನಮಗೆ ಗೋಧಿ, ಇಲ್ಲವಾದರೆ ಇಲ್ಲ.

ಹದಿನೆಂಟು ವರ್ಷಗಳ ಹಿಂದೆ, ಸತತ ಮೂರು ಬೇಸಗೆ ಕಾಲುವೆ ಒಣಗಿದಾಗ, ಊರಿನವರು ಇಂಥ ಮದುವೆಯೊಂದನ್ನು ಮಾಡಲು ನಿಶ್ಚಯಿಸಿದರು. ಅದರ ವಿಧಿಗಳನ್ನು ಬಲ್ಲವನು ಅಪೋ ರುಸ್ತುಂ ಒಬ್ಬನೇ. ಎಂಬತ್ತು ದಾಟಿದ್ದ ಆ ಅಜ್ಜ ನಮ್ಮನ್ನೆಲ್ಲ ಎದುರು ಕೂರಿಸಿಕೊಂಡು ಹೇಳಿದ ನಿಯಮಗಳು ಮೂರು: ಗಡ್ಡೆಯನ್ನು ಹೊತ್ತವರು ಉಪ್ಪು ಮುಟ್ಟಬಾರದು, ಬೆನ್ನಿನಿಂದ ಬೆನ್ನಿಗೆ ಬದಲಾಯಿಸಬಹುದೇ ಹೊರತು ಬುಟ್ಟಿಯನ್ನು ನೆಲಕ್ಕೆ ಇಳಿಸಬಾರದು, ಗಡ್ಡೆ ಬೆನ್ನೇರಿದ ಕ್ಷಣದಿಂದ ಅದು ತನ್ನ ಮನೆ ಸೇರುವವರೆಗೆ ಯಾರೂ ಒಂದು ಮಾತೂ ಆಡಬಾರದು.

ತಂಡದ ಮುಂದಾಳು ನನ್ನ ಅಣ್ಣ ಸ್ಕಂದರ್. ಕಣಿವೆಯಲ್ಲಿ ಅವನಷ್ಟು ಬೆಟ್ಟ ಬಲ್ಲವರು ಇರಲಿಲ್ಲ. ವಿಧಿ ತಪ್ಪಬಾರದೆಂದು ಅಪೋ ರುಸ್ತುಂ ಆ ವಯಸ್ಸಿನಲ್ಲೂ ಕೋಲೂರಿಕೊಂಡು ಜೊತೆಗೆ ಬಂದ. ಗಂಡು ಗಡ್ಡೆಯನ್ನು ಕೊಟ್ಟವರು ಕಣಿವೆಯಾಚೆಯ ಊರಿನವರು. ಕೊಡುವಾಗ ಅವರು ಬೀಗರಂತೆಯೇ ನಡೆದುಕೊಂಡರು.

"ನಮ್ಮ ಹುಡುಗ ಸ್ವಲ್ಪ ಸೋಮಾರಿ ಕಣ್ರಪ್ಪಾ, ಬೇಗ ಏಳಲ್ಲ," ಎಂದನೊಬ್ಬ ಗಡ್ಡದ ಮುದುಕ.

"ಏಳ್ದೇ ಇದ್ರೇ ವಾಸಿ ಮಾವ. ಎದ್ದು ಹೊರಟುಬಿಟ್ರೆ ನಮ್ಮೂರು ಕೊಚ್ಕೊಂಡು ಹೋಗತ್ತೆ," ಎಂದ ಅಣ್ಣ.

"ಹೆಣ್ಣು ಹೇಗಿದಾಳೆ?"

"ನೀಲಿ ಕಣ್ಣು, ತಣ್ಣನೆ ಸ್ವಭಾವ. ಅತ್ತೆಯಂದ್ರ ಕಾಟ ಇಲ್ಲ."

ಎಲ್ಲರೂ ನಕ್ಕರು. ಅನಂತರ ಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ, ಮೇಲೆ ಇದ್ದಿಲು ಹರಡಿ, ಕಂಬಳಿ ಸುತ್ತಿ, ಬೆನ್ನುಬುಟ್ಟಿಯಲ್ಲಿಟ್ಟು ಬಿಗಿದರು. ನಗು ಅಲ್ಲಿಗೆ ನಿಂತಿತು. ಹೆಣ್ಣು ಗಡ್ಡೆಯನ್ನು ನಮ್ಮದೇ ಮೇಲ್ಕಣಿವೆಯಿಂದ ಕಡಿದು ನಾನು ಹೊತ್ತೆ.

ನಾಲ್ಕನೆಯ ದಿನ ಹಳೆಯ ಹಿಮದ ಬಯಲೊಂದನ್ನು ದಾಟುತ್ತಿದ್ದೆವು. ಅಣ್ಣ ಬರಿಗೈಯಲ್ಲಿ ಮುಂದೆ ದಾರಿ ನೋಡುತ್ತ ಹೋಗುತ್ತಿದ್ದ. ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಹಿಂದಿದ್ದ ನನ್ನ ಕಣ್ಣಿಗೆ ಅವನ ಎಡಗಡೆ ಹಿಮದ ಮೇಲೆ ಒಂದು ಮಂಕುಗೆರೆ, ಆಳವಾದ ಬಿರುಕನ್ನು ಮುಚ್ಚಿದ ತೆಳುಹಿಮದ ಮೇಲಷ್ಟೇ ಕಾಣುವ ತಗ್ಗು, ಸ್ಪಷ್ಟವಾಗಿ ಕಂಡಿತು. ಹತ್ತಿರ ನಿಂತವನಿಗೆ ಅದು ಕಾಣದು. ಅಣ್ಣ ಅತ್ತ ವಾಲುತ್ತಿದ್ದ. ನನ್ನ ಬಾಯಿ ತೆರೆಯಿತು. ಬೆನ್ನ ಮೇಲಿನ ಭಾರ ನೆನಪಾಯಿತು. ಅವನೇ ಕಂಡುಕೊಳ್ಳುತ್ತಾನೆ, ಅಣ್ಣನಲ್ಲವೇ ಎಂದುಕೊಂಡೆ. ಬಾಯಿ ಮುಚ್ಚಿದೆ. ಹಿಮ ಕುಸಿಯಿತು, ಅವನು ಕೂಗದೆಯೇ ಬಿರುಕಿನೊಳಗೆ ಬಿದ್ದ. ನಿಯಮವನ್ನು ಅವನೂ ಪಾಲಿಸಿದ.

ಅಪೋ ರುಸ್ತುಂ ಕೈಸನ್ನೆಯಿಂದ, ನಡೆಯಿರಿ, ಎಂದ. ನಾವು ನಡೆದೆವು. ಹೊರೆಯಿಲ್ಲದ ಇಬ್ಬರು ಹಗ್ಗ ಹಿಡಿದು ಎರಡು ದಿನ ಅಲ್ಲೇ ಇದ್ದು, ಬರಿಗೈಯಲ್ಲಿ ಬಂದು ನಮ್ಮನ್ನು ಸೇರಿದರು. ಅಷ್ಟರಲ್ಲಿ ಗಂಡೂ ಹೆಣ್ಣೂ ಕಲ್ಲುಸಂದಿಯಲ್ಲಿ ಮಲಗಿದ್ದವು.

ಅಣ್ಣನ ಹೆಂಡತಿ ಜುಹ್ರಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀನು ನೋಡಿದ್ಯಾ?"

"ಇಲ್ಲ ಅತ್ತಿಗೆ. ತಲೆ ಎತ್ತಿದಾಗ ಅವನಿರಲಿಲ್ಲ."

ಅವಳ ಮಗ ಮೂಸಾನಿಗೆ ಆಗ ಎಂಟು ವರ್ಷ.

ಆ ಚಳಿಗಾಲದಲ್ಲಿ ನಾನು ಮಾಡಿದ ಕೆಲಸವನ್ನು ಹದಿನೇಳು ವರ್ಷ ಯಾರಿಗೂ ಹೇಳಲಿಲ್ಲ. ಹೆಪ್ಪುಗಟ್ಟಿದ ಕಾಲುವೆಯಿಂದ ಒಂದೇ ತೂಕದ ಎರಡು ಗಡ್ಡೆಗಳನ್ನು ಕಡಿದು, ಏಪ್ರಿಕಾಟ್ ಬೀಜ ತೂಗುವ ತಕ್ಕಡಿಯಲ್ಲಿ ಸರಿದೂಗಿಸಿ, ಒಂದೊಂದನ್ನು ಒಂದೊಂದು ಬುಟ್ಟಿಯಲ್ಲಿ ಹೊಟ್ಟು ಇದ್ದಿಲುಗಳ ನಡುವೆ ಹುದುಗಿಸಿದೆ. ಒಂದನ್ನು ದನದ ಕೊಟ್ಟಿಗೆಯಲ್ಲಿಟ್ಟೆ, ಇನ್ನೊಂದನ್ನು ಅಷ್ಟೇ ಬೆಚ್ಚಗಿನ, ಅಲ್ಲಿಯ ಮಾತು ಕೇಳಿಸದ ಕುರಿಕೊಟ್ಟಿಗೆಯಲ್ಲಿಟ್ಟೆ. ಒಂದರ ಬಳಿ ಕುಳಿತು ಅರ್ಧ ದಿನ ಮಾತನಾಡಿದೆ. ಊರಿನ ಸುದ್ದಿ ಹೇಳಿದೆ, ಬೈದೆ, ಅಣ್ಣನ ಹೆಸರು ಕೂಗಿದೆ. ಉಳಿದರ್ಧ ದಿನ ಇನ್ನೊಂದರ ಬಳಿ ಉಸಿರನ್ನೂ ಬಿಗಿಹಿಡಿದು ಕುಳಿತೆ. ಐದನೆಯ ದಿನ ತೂಗಿದರೆ ಎರಡೂ ಸಮನಾಗಿ ಕರಗಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಮೂರನೆಯ ಗಡ್ಡೆಯೊಂದರ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿದೆ. ಉಪ್ಪು ತಾನೂ ಕರಗಿ ಗಡ್ಡೆಯನ್ನೂ ಕರಗಿಸಿ, ಹುಳು ಕೊರೆದಂತೆ ತೂತುಗಳನ್ನು ಕೊರೆಯಿತು. ಉಪ್ಪಿನ ನಿಯಮ ನಿಜ. ಮಾತಿನ ನಿಯಮಕ್ಕೆ ತಕ್ಕಡಿಯಲ್ಲಿ ಒಂದು ಗೋಧಿಕಾಳಿನಷ್ಟೂ ತೂಕವಿರಲಿಲ್ಲ.

ಇದನ್ನು ಹೇಳಿದರೆ ಅಣ್ಣನ ಸಾವಿಗೆ ಅರ್ಥವೇ ಉಳಿಯುತ್ತಿರಲಿಲ್ಲ. ಹೇಳಲಿಲ್ಲ.

ಊರಿನವರು ಸರದಿಯಂತೆ ಮೂರು ಚಳಿಗಾಲ ಮೇಲೆ ಹತ್ತಿ, ಗಡ್ಡೆಗಳ ಸುತ್ತ ನೀರು ತುಂಬಿದ ಸೋರೆಬುರುಡೆಗಳನ್ನಿಟ್ಟರು. ನೀರು ಹೆಪ್ಪುಗಟ್ಟಿ ಹಿಗ್ಗಿ ಬುರುಡೆ ಒಡೆಯುತ್ತದೆ. ಮಂಜು ಮಂಜನ್ನು ಹಿಡಿದುಕೊಳ್ಳುತ್ತದೆ. ಬಿದ್ದ ಹಿಮ ಅದರ ಮೇಲೆ ಕೂತು ಗಟ್ಟಿಯಾಗುತ್ತದೆ. ಹನ್ನೊಂದನೆಯ ಬೇಸಗೆ ನೀರು ಬಂತು. ಜುಹ್ರಾ ಕಾಲುವೆಯ ಮೊದಲ ಬೊಗಸೆಯನ್ನು ಕುಡಿದು, "ಅವರೇ ಕಳಿಸಿದ್ದು," ಎಂದಳು. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ನೀರಿನೊಂದಿಗೆ ಊರೂ ಬೆಳೆಯಿತು. ಮೇಲಿನ ಕೇರಿಯವರು ಹೊಸ ಹೊಲ ಕಟ್ಟಿದರು; ಅಲ್ಲಿಗೆ ಕಾಲುವೆ ಏರದು. ಹೋದ ವರ್ಷ ಅವರಿಗಾಗಿ ಎರಡನೆಯ ಮದುವೆಯ ಮಾತು ಬಂತು. ಅಪೋ ರುಸ್ತುಂ ಎಂದೋ ತೀರಿಕೊಂಡಿದ್ದ. ವಿಧಿ ಬಲ್ಲವನಾಗಿ ಉಳಿದವನು ನಾನು. ಮುಂದಾಳಾಗಿ ಆರಿಸಿದ್ದು ಮೂಸಾನನ್ನು. ಇಪ್ಪತ್ತೈದರ ಹುಡುಗ, ಅಪ್ಪನದೇ ನಡಿಗೆ.

ಊರಿನ ಯಜಮಾನ, ನಂಬರ್ದಾರ ಹಾಶಿಂನ ಅಂಗಳದಲ್ಲಿ ಸಭೆ ಸೇರಿತು. ಹೆಂಗಸರು ಉಪ್ಪು ಚಹಾ ಹಂಚುತ್ತಿದ್ದರು.

"ಹೇಳು ತಖಿ, ನಿಯಮ ಹೇಳು. ಹುಡುಗ್ರು ಕೇಳಿಸ್ಕೊಳ್ಳಲಿ," ಎಂದ ಹಾಶಿಂ.

ಉಪ್ಪಿನದು ಹೇಳಿದೆ. ಬುಟ್ಟಿ ಇಳಿಸಬಾರದೆಂದು ಹೇಳಿದೆ. ಅನಂತರ, "ಮಾತಾಡಬಹುದು," ಎಂದೆ.

ನಾನು ಕೊಟ್ಟಿಗೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಮೊದಲು ನಕ್ಕವನು ಗಿರಣಿಯ ಬಕೀರ್. "ಅಲ್ಲ ತಖಿ, ಐದೈದು ದಿನ ಗಡ್ಡೆ ಜೊತೆ ಮಾತಾಡಿದ್ಯಾ? ಹೆಂಡತಿ ಜೊತೆ ಇಷ್ಟು ಮಾತಾಡಿದ್ದು ಯಾವತ್ತಾದ್ರೂ ಉಂಟಾ?"

"ಗಡ್ಡೆ ಎದುರು ಮಾತಾಡಲ್ಲ ನೋಡು, ಅದಕ್ಕೆ!" ಎಂದಿತು ಇನ್ನೊಂದು ದನಿ.

ಹಾಶಿಂ ನಗಲಿಲ್ಲ. "ಅದು ಕಾಲುವೆ ಮಂಜು, ಗಂಡೂ ಅಲ್ಲ ಹೆಣ್ಣೂ ಅಲ್ಲ. ಅದಕ್ಕೆ ಕಿವಿ ಎಲ್ಲಿರತ್ತೆ? ಆಮೇಲೆ, ಇಷ್ಟು ವರ್ಷ ಬಿಟ್ಟು ಇವತ್ಯಾಕೆ ಹೇಳ್ತಿದೀಯ?"

ಆಗ ನಾನು ಉಳಿದುದನ್ನೂ ಹೇಳಬೇಕಾಯಿತು. ಮಂಕುಗೆರೆ ಕಂಡದ್ದು, ಬಾಯಿ ತೆರೆದದ್ದು, ಮುಚ್ಚಿದ್ದು. "ಚಪ್ಪಾಳೆ ತಟ್ಟಬಹುದಿತ್ತು. ಒಂದು ಕಲ್ಲು ಎಸೀಬಹುದಿತ್ತು. ಮಾತು ಬೇಡ ಅಂದಿದ್ರೇ ಹೊರತು ಕಲ್ಲು ಬೇಡ ಅಂದಿರಲಿಲ್ಲ. ಅದೂ ಹೊಳೀಲಿಲ್ಲ. ಈ ಹುಡುಗ್ರಿಗೆ ಹಾಗಾಗೋದು ಬೇಡ."

ಜುಹ್ರಾ ಚಹಾದ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟು, ನನ್ನ ಕಡೆ ನೋಡದೆ ಅಂಗಳ ದಾಟಿ ಹೋದಳು.

ಹಾಶಿಂ ನನ್ನ ಕಡೆ ತಿರುಗಿದ. "ನೀನು ಸುಮ್ನಿದ್ದೆ ತಖಿ. ನಿನ್ನಣ್ಣ ಬೀಳುವಾಗಲೂ ಸುಮ್ನಿದ್ದ. ನೀರು ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?" ಸುತ್ತಲಿನ ತಲೆಗಳೆಲ್ಲ ಆಡಿದವು. ನನ್ನ ತಪ್ಪೊಪ್ಪಿಗೆ ನಿಯಮವನ್ನು ಮುರಿಯುವ ಬದಲು ಅದಕ್ಕೆ ಮತ್ತೊಂದು ಮೊಳೆ ಜಡಿಯಿತು. ಈ ಸಲ ತುಟಿ ಬಿಚ್ಚಿದವನನ್ನು ಊರೇ ಕ್ಷಮಿಸದೆಂದೂ ನನ್ನನ್ನು ತಂಡದ ಜೊತೆ ಕಳಿಸಕೂಡದೆಂದೂ ತೀರ್ಮಾನವಾಯಿತು.

ತಂಡ ಹೊರಟ ಬೆಳಗ್ಗೆ ಜುಹ್ರಾ ಮಗನ ಜೋಳಿಗೆಗೆ ಕಿಸೀರ್ ರೊಟ್ಟಿ ತುಂಬುತ್ತಿದ್ದಳು. ಎಲ್ಲರಿಗೂ ಕೇಳುವಂತೆ, "ಮೂಸಾ, ಕೂಗಬೇಕು ಅನ್ಸಿದ್ರೆ ಕೂಗು. ನೀರು ಬರ್ದಿದ್ರೆ ಬರ್ದೇ ಹೋಗ್ಲಿ," ಎಂದಳು.

"ಅಮ್ಮಾ, ಎಲ್ರೂ ನೋಡ್ತಿದಾರೆ," ಎಂದ ಮೂಸಾ ಕೆಂಪಾಗಿ.

"ನೋಡಲಿ. ನೋಡೋದು ಅವರಿಗೆ ಚೆನ್ನಾಗಿ ಬರತ್ತೆ."

ಹತ್ತು ದಿನಗಳ ಮೇಲೆ ಎಲ್ಲರೂ ಹಿಂತಿರುಗಿದರು, ಎಲ್ಲರೂ ಬದುಕಿದ್ದರು. ಮುಖಗಳು ಮಾತ್ರ ಹೆಣ ಹೊತ್ತು ಬಂದವರಂತಿದ್ದವು. ಮೂಸಾ ನೇರವಾಗಿ ನನ್ನ ಮನೆಗೆ ಬಂದು ಒಲೆಯ ಮುಂದೆ ಕುಳಿತ.

"ಚಿಕ್ಕಪ್ಪಾ, ನಾನು ಕೂಗ್ಬಿಟ್ಟೆ. ಮೇಲಿಂದ ಬಂಡೆ ಉರುಳ್ತಿತ್ತು. ಹಾಶಿಂ ಮಾವನ ತಂಗಿ ಮಗ ಅದರ ಕೆಳಗೇ ಇದ್ದ. ಗಡ್ಡೆ ಅವನ ಬೆನ್ನ ಮೇಲೇ ಇತ್ತು."

"ಉಳ್ಕೊಂಡ್ನಲ್ಲ?"

"ಉಳ್ಕೊಂಡ. ಒಂದು ಮಾತು ಥ್ಯಾಂಕ್ಸ್ ಅಂತಾನೂ ಅನ್ಲಿಲ್ಲ. ಊರು ಮುಟ್ಟೋವರೆಗೂ ಯಾರೂ ನನ್ನ ಪಕ್ಕ ನಡೀಲಿಲ್ಲ."

ಅವನ ಭುಜದ ಮೇಲೆ ಕೈಯಿಟ್ಟೆ.

ಗಡ್ಡೆಗಳನ್ನು ಅವರು ಜಾಗಕ್ಕೆ ಮುಟ್ಟಿಸಿ ವಿಧಿಪೂರ್ವಕವಾಗಿ ಮಲಗಿಸಿಯೇ ಬಂದಿದ್ದರು. ಆದರೆ ಹಾಶಿಂ, ತನ್ನ ಸೋದರಳಿಯ ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿರುವಾಗ, "ಮಾತು ಕೇಳಿದ ಗಡ್ಡೆ ಸತ್ತ ಗಡ್ಡೆ. ಅದಕ್ಕೆ ಯಾರೂ ಕಾಲು ಸವೆಸಬೇಡಿ," ಎಂದು ಸಾರಿಬಿಟ್ಟ. ಆ ಚಳಿಗಾಲ ಒಂದು ಬುರುಡೆ ನೀರೂ ಮೇಲಕ್ಕೆ ಹೋಗಲಿಲ್ಲ. ಅದು ಒಬ್ಬನೇ ಹತ್ತುವ ಜಾಗವಲ್ಲ. ಮನೆಮನೆಗೆ ಹೋಗಿ ಜೊತೆ ಬೇಡಿದೆ. "ಇನ್ನೂ ಮಾತಾಡೋದು ಮುಗಿದಿಲ್ವಾ ತಖಿ?" ಎಂದು ಕದ ಮುಚ್ಚಿದರು. ಮೇಲಿನ ಕೇರಿಯ ಎರಡು ಮನೆಗಳು ವಸಂತದಲ್ಲೇ ಹೊಲ ಬಿಟ್ಟು ಕೆಳಗಿಳಿದವು. ಚುಚ್ಚುಮಾತು ತಾಳಲಾರದೆ ಮೂಸಾ ರಸ್ತೆ ಕೆಲಸಕ್ಕೆಂದು ದೂರ ಹೋದ. ಜುಹ್ರಾ ನನ್ನೊಡನೆ ಮಾತು ಬಿಟ್ಟಿದ್ದಳು. ಈ ವರ್ಷ ಅವಳು ಕಾಲುವೆಯ ಮೊದಲ ಬೊಗಸೆಯನ್ನೂ ಕುಡಿಯಲಿಲ್ಲ.

ಗೋಧಿಯ ಕೊಯ್ಲು ಮುಗಿದ ಮೇಲೆ, ಯಾರೂ ಬಾರದಿದ್ದರೆ ಬೇಡವೆಂದು, ನಾಲ್ಕು ಬುರುಡೆ ನೀರು ಹೊತ್ತು ನಾನೊಬ್ಬನೇ ಹೊರಟೆ. ನನಗೀಗ ಅರವತ್ತೊಂಬತ್ತು. ಮಂಡಿಗಳು ಮೊದಲ ಏರಿನಲ್ಲೇ ದೂರು ಹೇಳಿದವು. ಉಸಿರಾಡಲು ನಿಂತು ಹಿಂತಿರುಗಿದರೆ ಕೆಳಗಿನ ತಿರುವಿನಲ್ಲಿ ಜುಹ್ರಾ ಬರುತ್ತಿದ್ದಳು. ಬೆನ್ನಿಗೆ ಎರಡು ಬುರುಡೆ. ನಾನು ಕಾದರೆ ಅವಳೂ ನಿಂತಳು, ನಡೆದರೆ ನಡೆದಳು. ಮೂರು ದಿನ ಹೀಗೆಯೇ ಹತ್ತಿದೆವು. ಕುರುಬರ ಕಲ್ಲುಗೂಡಿನಲ್ಲಿ ಅವಳು ರೊಟ್ಟಿಯ ಅರ್ಧವನ್ನು ನನ್ನ ಕಡೆ ಸರಿಸಿದಳು, ಅಷ್ಟೇ.

ಕಲ್ಲುಸಂದಿ ನೆರಳಿನಲ್ಲಿತ್ತು. ಕಂಬಳಿ ಗಾಳಿಗೆ ಹರಿದು ಬಂಡೆಯೊಂದಕ್ಕೆ ಸುತ್ತಿಕೊಂಡಿತ್ತು. ಹೊಟ್ಟು ಹಾರಿಹೋಗಿತ್ತು. ಮೇಲೆ ಹಿಮವೂ ಹೊಟ್ಟೂ ಇದ್ದಿದ್ದರೆ ಗಡ್ಡೆಯನ್ನು ಕಾಪಾಡುತ್ತಿದ್ದ ಇದ್ದಿಲು, ಬತ್ತಲೆಯಾಗಿ ನಿಂತು ಆಕಾಶದ ಬೆಳಕನ್ನೆಲ್ಲ ಹೀರಿ ಗಡ್ಡೆಗೇ ಉಣಿಸಿತ್ತು. ಗಂಡು ಮಲಗಿದ್ದ ಜಾಗ ಯಾವುದು, ಹೆಣ್ಣು ಮಲಗಿದ್ದ ಜಾಗ ಯಾವುದು, ಹೇಳಲು ಬರುವಂತಿರಲಿಲ್ಲ. ಕರಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನಾನು ಮಂಡಿಯೂರಿ ಕೈಯಿಂದ ಬಗೆದೆ. ಒಂದು ಗೇಣು ಆಳದವರೆಗೂ ನೆಲ ಒಣಗಿತ್ತು. ಇದನ್ನು ಕೊಂದದ್ದು ಕೂಗೋ, ಒಂದು ವರ್ಷದ ಅನಾದರವೋ, ಇನ್ನು ಯಾರೂ ತೂಗಿ ನೋಡಲಾರರು. ಊರಿಗೆ ಹೋಗಿ ಹೇಳಿದರೆ ಹಾಶಿಂ, "ನಾನು ಹೇಳ್ಲಿಲ್ವಾ?" ಎನ್ನುತ್ತಾನೆ. ಮುಂದಿನ ಮದುವೆಯಲ್ಲಿ ಹುಡುಗರು ಹಲ್ಲು ಕಚ್ಚಿಕೊಂಡು ನಡೆಯುತ್ತಾರೆ.

ಜುಹ್ರಾ ತನ್ನ ಬುರುಡೆಗಳ ಬಿರಡೆ ತೆಗೆದು ನೀರನ್ನು ಆ ಬಿರುಕುಗಳ ಮೇಲೆ ಸುರಿದಳು. ನಾನೂ ಸುರಿದೆ. ನೆಲ ಸದ್ದಿಲ್ಲದೆ ಕುಡಿಯಿತು. ಕುಡಿದ ಗುರುತು ನಾವು ನೋಡುತ್ತಿರುವಾಗಲೇ ಆರಿತು.

ಆಗ, ಒಂದು ವರ್ಷದ ಮೇಲೆ ಮೊದಲ ಸಲ, ಅವಳು ಮಾತನಾಡಿದಳು.

"ಅವತ್ತು ಎಷ್ಟು ದೂರದಲ್ಲಿದ್ದೆ?"

"ಇಪ್ಪತ್ತು ಹೆಜ್ಜೆ."

ಅವಳು ಎದುರಿನ ಇಳಿಜಾರನ್ನು ನೋಡುತ್ತ, ಮನಸ್ಸಿನಲ್ಲೇ ಅಷ್ಟು ಹೆಜ್ಜೆಗಳನ್ನು ಎಣಿಸಿದಂತಿತ್ತು.

"ಗಾಳಿ ಇತ್ತಾ?"

ಸುಳ್ಳು ಹೇಳಬಹುದಿತ್ತು; ಗಾಳಿಯಿದ್ದಿದ್ದರೆ ನಾನು ಕೂಗಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಆ ಎತ್ತರದಲ್ಲಿ ಗಾಳಿಯಿಲ್ಲದ ದಿನ ಅಪರೂಪ, ಅವಳು ನಂಬುತ್ತಿದ್ದಳು.

"ಇರಲಿಲ್ಲ ಅತ್ತಿಗೆ," ಎಂದೆ.

ಅವಳು ಬರಿದಾದ ಬುರುಡೆಗಳನ್ನು ಹಗ್ಗಕ್ಕೆ ಕಟ್ಟಿ, ಬೆನ್ನಿಗೆ ಹಾಕಿಕೊಂಡು, ಇಳಿಯತೊಡಗಿದಳು.