ಕದಿರಮ್ಮ ಕಾದ ಹೆಜ್ಜೆ

ತಳವಾರ ಬೊಮ್ಮಯ್ಯನೆಂದರೆ ಕದ್ದೊಯ್ದ ಜೋಡೆತ್ತಿನ ಗೊರಸಿನ ಗುರುತು ಹಿಡಿದು ಅಂಚೆಟ್ಟಿಯ ಕಾಡು ದಾಟಿ, ಒಂಬತ್ತನೆಯ ದಿನ ಕಾವೇರಿಯ ದಂಡೆಯಲ್ಲಿ ಎತ್ತಿನ ಕೊಂಬಿಗೆ ಕೈಹಾಕಿದವನು. ಅವನ ಮಗ ದೊಡ್ಡಮುತ್ತ, ಕೆಸರಿನಲ್ಲಿ ಮೂಡಿದ ಪಾದ ನೋಡಿ, ಹಾದುಹೋದವಳ ತಲೆಯ ಮೇಲಿದ್ದದ್ದು ನೀರೋ ರಾಗಿಯೋ ಎಂದು ಹೇಳುತ್ತಿದ್ದವನು. ದೊಡ್ಡಮುತ್ತನ ಮಗ ಚಿನ್ನಪ್ಪನ ಕಾಲಕ್ಕೆ ಊರ ಕಾವಲಿನ ತಳವಾರಿಕೆಯೇ ರದ್ದಾಯಿತು; ಕೈಯ ಕೋಲು ಹೋಯಿತು, ಕಣ್ಣು ಹೋಗಲಿಲ್ಲ. ಆ ಕಣ್ಣು ಮಗನನ್ನು ಬಿಟ್ಟು ಮಗಳಿಗೆ ಇಳಿಯಿತು. ಆ ಮಗಳೇ ಗಡಿಯಂಚಿನಲ್ಲಿ ತಮಿಳುನಾಡಿನ ಪಾಲಿಗೆ ಸೇರಿದ ಗುಮ್ಮಳಾಪುರದ ಕದಿರಮ್ಮ. ಇವರೆಲ್ಲರಿಗಿಂತ ಹಿಂದಿನವನೊಬ್ಬ, ಹೆಸರು ಮರೆತುಹೋದವನು, ಊರ ದನ ಬಿಡಿಸಲು ಹೋಗಿ ಬಾಣ ತಾಗಿ ಸತ್ತು, ಅವಳ ಹೊಲದ ಬದುವಿನ ಮೇಲೆ ಎದೆಮಟ್ಟದ ವೀರಗಲ್ಲಾಗಿ ನಿಂತಿದ್ದ.

ಕದಿರಮ್ಮ ಮನುಷ್ಯರನ್ನು ಗುರುತಿಸುವುದು ಮುಖದಿಂದಲ್ಲ, ಪಾದದಿಂದ. ಮದುವೆಮನೆಗೆ ಹೋದರೆ ಹೆಣ್ಣಿನ ಕಾಲು ನೋಡಿ ಅಕ್ಕಿಕಾಳು ಹಾಕಿ ಬರುತ್ತಾಳೆ. ಮುಖ ಹೇಗಿತ್ತು ಅಂದರೆ ತಡಬಡಿಸುತ್ತಾಳೆ. ಎಪ್ಪತ್ತು ದಾಟಿದ ಮೈ, ಒಣಗಿದ ತೊಗರಿಕಡ್ಡಿಯಂತೆ. ಸೀರೆಯ ಮೇಲೆ ಗಂಡ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾವಲಿದ್ದಾಗ ತೊಡುತ್ತಿದ್ದ ನೀಲಿ ಅಂಗಿ, ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದು. ನಡೆಯುವಾಗ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತಾಳೆ, ಇನ್ನೊಬ್ಬರ ಹೆಜ್ಜೆಯ ಮೇಲೆ ತನ್ನದು ಬೀಳಬಾರದೆಂದು. ಎದುರಿಗೆ ಯಾರು ಬಂದರೂ ಮೊದಲ ಮಾತು ಒಂದೇ: "ಅಲ್ಲೇ ನಿಂತ್ಕ." ನಿಂತವನ ಕಾಲ ಸುತ್ತಲಿನ ಮಣ್ಣನ್ನು ಓದಿ ಮುಗಿಸಿದ ಮೇಲೆಯೇ "ಊಟ ಆಯ್ತಾ?" ಶಾಲೆಗೆ ಹೊಸದಾಗಿ ಬಂದ ಕೋಮಲಾ ಟೀಚರನ್ನೂ ಹೀಗೆಯೇ ನಿಲ್ಲಿಸಿ, "ಬಲ ಮಂಡಿ ನೋವು ಯಾವಾಗಿಂದ ಮೇಡಮ್ಮು?" ಅಂದಿದ್ದಳು. ತಾಯಿಗೂ ಹೇಳದ ನೋವು ಮಣ್ಣಿಗೆ ಹೇಗೆ ಗೊತ್ತಾಯಿತೆಂದು ಆ ಹುಡುಗಿ ವಾರವೆಲ್ಲ ಬೆರಗಿನಲ್ಲಿದ್ದಳು.

ಕಾರ್ತಿಕದ ಒಂದು ಬೆಳಗ್ಗೆ, ಹೊಲದ ತುಂಬ ಮಂಜು ಹಾಲಿನಂತೆ ನಿಂತಿದ್ದಾಗ, ಬದುವಿನ ಮೇಲೆ ಕಲ್ಲಿರಲಿಲ್ಲ. ಹಲ್ಲು ಕಿತ್ತ ಬಾಯಿಯಂತೆ ಒಂದು ಕುಳಿ. ಸುತ್ತ ನಾಲ್ವರ ಹೆಜ್ಜೆ. ಮೂವರದು ಸವೆದ ಚಪ್ಪಲಿ, ಒಬ್ಬನದು ಕಾರ್ಖಾನೆಯ ಬೂಟು, ಎಡ ಹಿಮ್ಮಡಿ ಹೊರಗೆ ತೇಯ್ದದ್ದು. ಅಲ್ಲಿಂದ ಟೆಂಪೊ ಚಕ್ರದ ಗುರುತು ಗಡಿಯ ಕಡೆಗೆ. ಕದಿರಮ್ಮ ಅಳಲಿಲ್ಲ. ಮನೆಯಿಂದ ಮಂಕರಿ ತಂದು, ಬೂಟಿನ ಹೆಜ್ಜೆಯ ಮೇಲೆ ಬೋರಲು ಹಾಕಿ, ಮೇಲೊಂದು ಗುಂಡುಕಲ್ಲಿಟ್ಟು ಠಾಣೆಗೆ ನಡೆದಳು. ಅವಳ ವಂಶದಲ್ಲಿ ಕಳ್ಳನ ಹೆಜ್ಜೆಗೆ ಗಾಳಿ ತಾಕದಂತೆ ಮುಚ್ಚುವುದು ದೀಪ ಹಚ್ಚುವಷ್ಟೇ ಹಳೆಯ ಕಾಯಕ.

ಹೆಡ್ ಕಾನ್ಸ್‌ಟೇಬಲ್ ಯತಿರಾಜ್ ಎಲ್ಲ ಕೇಳಿಸಿಕೊಂಡು, ಕಲ್ಲಿಗೆ ಹಕ್ಕುಪತ್ರವಿದೆಯೇ ಎಂದು ತನ್ನ ತಮಿಳಿನಲ್ಲಿ ವಿಚಾರಿಸಿದ: "ಪಾಟ್ಟಿ, ಕಲ್ಲುಕ್ಕು ಪಟ್ಟಾ ಇರುಕ್ಕಾ?"

"ನಿಮ್ಮಪ್ಪನಿಗೆ ಪಟ್ಟಾ ಮಾಡ್ಸಿದೀಯ ಸಾಮಿ? ಇವ್ನು ನಮ್ಮಪ್ಪ."

ಠಾಣೆಯಲ್ಲಿ ನಗು ಎದ್ದಿತು. ಅವನೂ ನಕ್ಕು, ಒಂದು ಚೀಟಿ ಬರೆದುಕೊಟ್ಟು, ನಾಳೆ ಬರುತ್ತೇವೆಂದ. ನಾಳೆ ಬಂತು, ನಾಡಿದ್ದೂ ಬಂತು, ಅವರು ಬರಲಿಲ್ಲ. ಐದನೆಯ ದಿನ ಮತ್ತೆ ಹೋದಾಗ, ಚಕ್ರದ ಗುರುತು ಕರ್ನಾಟಕಕ್ಕೆ ದಾಟಿದೆಯಲ್ಲ, ಅಲ್ಲಿಗೇ ಹೋಗಿ ಹೇಳು ಎಂದರು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಸಾಗಹಾಕುವ ಮಾತೆಂದು ತಿಳಿಯುತ್ತಿದ್ದರು. ಕದಿರಮ್ಮನಿಗೆ ಅದು ಪರಮ ನ್ಯಾಯದ ಮಾತಾಗಿ ಕೇಳಿಸಿತು. ಹಿಂದೆ ಕಳ್ಳನ ಹೆಜ್ಜೆ ಊರ ಗಡಿ ದಾಟಿದರೆ, ಆಚೆಯೂರಿನ ತಳವಾರನಿಗೆ ವೀಳ್ಯ ಕೊಟ್ಟು ಹೆಜ್ಜೆಯನ್ನು ಒಪ್ಪಿಸುತ್ತಿದ್ದರು. ವೀಳ್ಯವನ್ನು ಬಾಯಿಗೆ ಹಾಕಿಕೊಂಡನೆಂದರೆ ಕಳ್ಳನನ್ನು ಹುಡುಕುವ ಹೊಣೆ ಅವನದು. ಅವನು ಬರುವ ತನಕ ಹೆಜ್ಜೆ ಅಳಿಯದಂತೆ ಕಾಯುವುದು ಇವರದು. ಅವಳು ಎಳೆ ಎಲೆ ಆರಿಸಿ, ಅಡಿಕೆಯಿಟ್ಟು, ತಟ್ಟೆಗೆ ಒಗೆದ ಬಟ್ಟೆ ಮುಚ್ಚಿಕೊಂಡು ಗಡಿಯಾಚೆಯ ಠಾಣೆಯ ಮೆಟ್ಟಿಲು ಹತ್ತಿದಳು. ಅಲ್ಲಿನ ಪೇದೆ ತಿಮ್ಮರಾಜು ತಟ್ಟೆ ಕಂಡು, "ಏನಜ್ಜಿ, ಯಾರ್ ಮದ್ವೆ?" ಅಂದ. "ಮದ್ವೆ ಅಲ್ಲ ಕಣಪ್ಪಾ, ಹೆಜ್ಜೆ. ನಿನ್ ಸೀಮೆಗೆ ಬಂದೈತೆ. ಒಪ್ಕೋ," ಅಂದಳು. ಅವನಿಗೆ ಏನು ಅರ್ಥವಾಯಿತೋ, "ಆಯ್ತು ಬುಡಜ್ಜಿ, ಒಪ್ಕೊಂಡೆ," ಎಂದು ನಗುತ್ತ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗೆ ಹಾಕಿಕೊಂಡ.

ಅವಳು ಹಗುರಾಗಿ ಮನೆಗೆ ಬಂದಳು.

ಅಲ್ಲಿಂದ ಮುಂದಿನ ದಿನಗಳು ಅವಳಿಗೆ ನೀರಿನಡಿ ಕಂಡ ಬೆಳಕಿನಂತೆ ಕಳೆದವು. ಬೆಳಗ್ಗೆ ಗುಂಡುಕಲ್ಲು ಸರಿಸಿ, ಮಂಕರಿಯ ಅಂಚೆತ್ತಿ, ಮಲಗಿದ ಕೂಸನ್ನು ನೋಡುವಂತೆ ಹೆಜ್ಜೆಯನ್ನು ನೋಡುವಳು. ಇರುವೆಯೊಂದು ಹಿಮ್ಮಡಿಯ ಹಳ್ಳಕ್ಕಿಳಿದು ಹತ್ತಲಾರದೆ ಒದ್ದಾಡಿದರೆ ಗರಿಕೆಯ ಎಸಳಿನಿಂದ ಎತ್ತಿಬಿಡುವಳು. ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ರೆಪ್ಪೆ ಕೂಡಿದರೆ ಬೊಮ್ಮಯ್ಯ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಕೋಲಿನ ತುದಿಯಿಂದ ಗಡಿಯ ದಾರಿ ತೋರಿಸಿ ಕಾಯುತ್ತಿದ್ದ. ಕಣ್ಣು ಬಿಟ್ಟರೆ ಕಾರ್ಖಾನೆಯ ಪಾಳಿ ಬಿಟ್ಟ ಬೈಕುಗಳ ಧೂಳು ದಾರಿಯ ಮೇಲೆ ಚಿನ್ನದ ಹಾಗೆ ತೇಲುತ್ತಿತ್ತು. ಇಬ್ಬನಿ ಕುಡಿದೂ ಕುಡಿದೂ ಹೆಜ್ಜೆಯ ಅಂಚು ಮೆಲ್ಲನೆ ಮೆತ್ತಗಾಗುತ್ತಿತ್ತು.

ಇಪ್ಪತ್ತನೆಯ ದಿನ ತಮ್ಮನ ಮಗ ನರೇಶ್ ತಾನು ಕೆಲಸಕ್ಕಿದ್ದ ಮೂಕಂಡಪಲ್ಲಿಯ ಕಾರ್ಖಾನೆಯಿಂದ ಬಂದ. "ಅಲ್ಲೇ ನಿಂತ್ಕ," ಅಂದಳು. ನಿಂತ. ಅವನ ಬೂಟಿನ ಹಿಮ್ಮಡಿ ಎರಡೂ ಸಮ, ಕಳ್ಳನದಲ್ಲ. ಅವನ ಹಿಂದೆ ದಾರಿಯಲ್ಲಿ ಒಂದು ಖಾಲಿ ಟೆಂಪೊ, ಅದರೊಳಗೆ ಕಾರ್ಖಾನೆಯ ಮೂವರು ಗೆಳೆಯರು, ಹಗ್ಗ, ಹಾರೆ.

"ಕಲ್ಲು ಸಿಕ್ತು ಅತ್ತೆ. ಗಡಿಯಾಚೆ ಹೊಸಾ ರೆಸಾರ್ಟಿನ ಹುಲ್ಲಲ್ಲಿ ನೆಟ್ಟವ್ರೆ, ಸುತ್ತ ಬಣ್ಣದ ಲೈಟು. ಎರಡು ಠಾಣೆಗೂ ಫೋಟೋ ತೋರಿಸ್ಬುಟ್ಟು ಬಂದೆ. ಅದೇ ಕಲ್ಲು ಅನ್ನೋಕೆ ಏನು ಗ್ಯಾರಂಟಿ ಅಂತಾರೆ."

"ತಿಮ್ಮರಾಜು ಏನಂದ?"

"ಯಾವ ಅಜ್ಜಿ ಅಂದ. ನೀನು ಕೊಟ್ಟಿದ್ದ ಎಲೆ-ಅಡಿಕೆ ಅಗ್ದು ಉಗ್ದ, ಅಷ್ಟೇ ಅತ್ತೆ."

ಕದಿರಮ್ಮನ ಮುಖ ಒಂದು ಗಳಿಗೆ ಬರಿದಾಯಿತು, ಒರೆಸಿದ ಹಲಗೆಯ ಹಾಗೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಈಗ ಊಟದ ಹೊತ್ತು, ರೆಸಾರ್ಟಿನ ತೋಟದ ಕಡೆ ಯಾರೂ ಇರಕಿಲ್ಲ," ಅಂದ ನರೇಶ್. "ಹೂಂ ಅನ್ನು ಸಾಕು. ಸಂಜೆ ದೀಪ ಹಚ್ಚೋದ್ರೊಳ್ಗೆ ಕಲ್ಲು ಬದೂ ಮ್ಯಾಲಿರ್ತದೆ."

ನಮ್ಮ ಸೀಮೆಯಲ್ಲಿ ಇಂಥವರು ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಅವರನ್ನು ಜನ ಮೊಂಡರು ಅನ್ನುತ್ತಾರೆ, ಕಾಲಕ್ಕೆ ಹೊಂದದವರು ಅನ್ನುತ್ತಾರೆ. ಅವರಿಗೆ ಕಳೆದುಹೋದ ವಸ್ತು ಕೈಸೇರುವುದು ದೊಡ್ಡದಲ್ಲ, ಸರಿಯಾದ ದಾರಿಯಲ್ಲಿ ಕೈಸೇರಬೇಕು. ಕಾವಲುಗಾರರು ನಿದ್ದೆಹೋದ ಊರಿನಲ್ಲಿ, ಅವರು ಎದ್ದು ಬರುವ ತನಕ ನ್ಯಾಯದ ಜಾಗವನ್ನು ಹಿಡಿದಿಟ್ಟಿರುವವರು ಇವರೇ.

ಕದಿರಮ್ಮ ಟೆಂಪೊ ಕಡೆ ನೋಡಿದಳು, ನರೇಶನ ಕಾಲ ಕಡೆ ನೋಡಿದಳು.

"ಬ್ಯಾಡ ಕಣ್ಲಾ. ಹುಡುಗ್ರನ್ನ ಕರ್ಕೊಂಡು ವಾಪಸ್ ಹೋಗು. ಒಪ್ಕೊಂಡೋನು ಅವ್ನು, ಬರೋದು ಅವ್ನ ಕೆಲ್ಸ. ನೀವು ಹೋಗಿ ತಂದ್ರೆ, ಅವ್ನು ಬರ್ದೇ ಇದ್ದಿದ್ದೇ ಸರಿ ಅಂತ ಆಗೋಯ್ತದೆ."