ಎಕ್ಸ್ ಮುಂದೆ ಬರೆಯದ ಅಂಕಿ

ನಟ್ಟು ಬೋಲ್ಟುಗಳ ಉಗ್ರಾಣ ನೋಡಿಕೊಳ್ಳುವ ಈ ಅಪ್ಪನಿಗೆ ಬೀಜಗಣಿತವೆಂದರೆ ಕಬ್ಬಿಣದ ಕಡಲೆ. ಆದರೆ ‘ನಮ್ಮಪ್ಪಂಗೆ ಎಲ್ಲಾ ಗೊತ್ತು’ ಎಂದು ಮಗಳು ಬೀದಿಗೆಲ್ಲ ಡಂಗುರ ಸಾರಿದ ಮೇಲೆ, ‘ನಂಗೆ ಬರಲ್ಲ ಪುಟ್ಟೀ’ ಎನ್ನಲು ನಾಲಿಗೆ ಏಳಬೇಕಲ್ಲ!

ಪುಟ್ಟಿ ಕೇಳಿದ್ದು ಸಣ್ಣ ಪ್ರಶ್ನೆ. 5y + x + 7 ಎಂದು ಬರೆದು ತೋರಿಸಿದಳು. “ಐದು ಸಹಗುಣಕ, ವೈ ಚರಾಕ್ಷರ, ಏಳು ಸ್ಥಿರಾಂಕ. ಇಷ್ಟು ಗೊತ್ತಾಯ್ತು. ಎಕ್ಸ್ ಮುಂದೆ ಏನೂ ಇಲ್ವಲ್ಲ, ಅದರ ಸಹಗುಣಕ ಎಷ್ಟಪ್ಪಾ?”

ಉಗ್ರಾಣದಲ್ಲಿ ಪ್ರತಿ ಖಾನೆಯ ಮೇಲೂ ಎಷ್ಟು ಸರಕಿದೆಯೆಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಅಂಕಿ ಇಲ್ಲವೆಂದರೆ ಖಾನೆ ಖಾಲಿ. ಅಪ್ಪ ಗತ್ತಿನಿಂದ “ಸೊನ್ನೆ” ಎಂದುಬಿಟ್ಟ.

ಪರೀಕ್ಷೆಯಲ್ಲಿ ಪುಟ್ಟಿ ಸಿಕ್ಕ ಸಿಕ್ಕ ಎಕ್ಸ್‌ಗೆಲ್ಲ ಸೊನ್ನೆ ಹಾಕಿ ಬಂದಳು. ಮೇಷ್ಟ್ರು ಅಪ್ಪನನ್ನು ಕರೆಸಿ, ಮಕ್ಕಳ ಬೆಂಚಿನಲ್ಲೇ ಪುಟ್ಟಿಯ ಪಕ್ಕ ಕೂರಿಸಿದರು. ಮಂಡಿ ಡೆಸ್ಕಿನಡಿ ಸಿಕ್ಕಿಕೊಂಡಿತು. ಅತ್ತ ಇತ್ತ ಅಲ್ಲಾಡುವಂತಿಲ್ಲ.

“ಒಂದು ಎಕ್ಸ್ ಇದ್ರೆ ಆ ಒಂದನ್ನ ಬರೆಯಲ್ಲ, ಅಷ್ಟೇ. ಸಹಗುಣಕ ಒಂದು. ಬಾಯಿ ನೋವು ಬರೋ ಹಾಗೆ ಹೇಳಿದೀನಿ,” ಎಂದರು ಮೇಷ್ಟ್ರು. “ಮನೇಲಿ ಯಾರಾದ್ರೂ ತಪ್ಪು ಹೇಳ್ಕೊಟ್ಟಿದ್ರೆ ಹೇಳ್ಬಿಡಿ, ಇನ್ನೊಂದು ಅವಕಾಶ ಕೊಡ್ತೀನಿ. ಇವಳೇ ಕಿವಿಗೆ ಹಾಕ್ಕೊಂಡಿಲ್ಲ ಅಂದ್ರೆ ಗಣಿತ ಸ್ಪರ್ಧೆಯಿಂದ ಹೆಸರು ತೆಗೀಬೇಕಾಗುತ್ತೆ.”

ಆ ಸ್ಪರ್ಧೆಯೆಂದರೆ ಪುಟ್ಟಿಗೆ ಪ್ರಾಣ. ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಎದ್ದು ನಿಂತಳು.

“ಅಪ್ಪ ಒಂದು ಅಂತಾನೇ ಹೇಳಿದ್ರು ಸಾರ್. ನಾನೇ ಮರೆತೆ.”

ಅಪ್ಪ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ನಿಜ ಹೇಳಿದರೆ ತಾನು ದಡ್ಡ, ಮಗಳು ಸುಳ್ಳಿ. ಸುಮ್ಮನಿದ್ದರೆ ಅವಳ ಸ್ಪರ್ಧೆ ಹೋಯಿತು. ಹೇಳಯ್ಯ ಮಹರಾಯ, ಒಂದೇ ಒಂದು ಮಾತು!

“ಹೌದೇನ್ರಿ?” ಎಂದರು ಮೇಷ್ಟ್ರು.

“ಹೂಂ.”

ಮೇಷ್ಟ್ರು ನಿಟ್ಟುಸಿರು ಬಿಟ್ಟು ಅವಳ ಹೆಸರು ಹೊಡೆದುಹಾಕಿದರು.

ದಾರಿಯುದ್ದಕ್ಕೂ ಅಪ್ಪ ಅದು ಕೊಡಿಸ್ತೀನಿ, ಇದು ಕೊಡಿಸ್ತೀನಿ ಎಂದು ಪುಸಲಾಯಿಸಿದ. ಪುಟ್ಟಿ ಏನೂ ಬೇಡವೆಂದಳು. ಮನೆಯ ಮೆಟ್ಟಿಲು ಹತ್ತುವಾಗ, ಅವನ ಮುಖ ನೋಡದೆ, ಮೆಲ್ಲಗೆ ಹೇಳಿದಳು.

“ಅಪ್ಪಾ, ನಿಂಗೆ ಕೆಲಸ ಮಾಡಿ ಸುಸ್ತಾಗಿರುತ್ತೆ. ಇನ್ಮೇಲೆ ಗಣಿತ ನಾನೊಬ್ಬಳೇ ಓದ್ಕೋತೀನಿ, ಆಯ್ತಾ?”

“ಆಯ್ತು ಕಣಮ್ಮ” ಎಂದ ಅಪ್ಪ. ಅವಳು ಒಂದು ಸಲ ಬೈದಿದ್ದರೂ ಸಾಕಿತ್ತು, ಅವನು ಬದುಕಿಕೊಳ್ಳುತ್ತಿದ್ದ.