ನಾಲ್ಕು ಕಡೆಯಿಂದ ಹೂಂ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಕ್ಕವ್ವ ಎಂಬ ನಮ್ಮವ್ವ ಹೇಳುತ್ತಾಳೆ, ಅದೂ ಉಪ್ಪು ಖಾರ ಹಚ್ಚಿ.

೨೦೦೭ರಲ್ಲಿ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಕಂಪನಿ ಎಂದರೆ ಯಜಮಾನರಾದ ಏಕನಾಥ ಸರ್, ನಾನು, ಇನ್ನಿಬ್ಬರು. ಕಂಪ್ಯೂಟರಿನಲ್ಲಿ ಇಬ್ಬರು ಮುಖ ನೋಡಿಕೊಂಡು ಮಾತಾಡುವ ಸಾಫ್ಟ್‌ವೇರ್ ನಮ್ಮದು. ಅದಕ್ಕೆ ಗುಂಪಿನ ಕರೆ ಸೇರಿಸುವ ಕೆಲಸ, ಅಂದರೆ ಐದು ಕಡೆಯವರು ಒಟ್ಟಿಗೆ ಮಾತಾಡುವಂತೆ ಮಾಡುವ ಕೆಲಸ, ನನ್ನ ಪಾಲಿಗೆ ಬಂದಿತ್ತು. ಎಂಟು ತಿಂಗಳು ಅದರಲ್ಲೇ ಮುಳುಗಿದ್ದೆ. ಸಂಜೆ ಕೆಲಗೇರಿಯ ಮನೆಗೆ ಬಂದಾಗ ಅವ್ವ, "ದಿನಾ ಅಷ್ಟೊತ್ತು ಏನ್ ಮಾಡ್ತೀ ಮಗಳ ಅಲ್ಲೆ?" ಎಂದು ಕೇಳುತ್ತಿದ್ದಳು. "ನಿನಗ ತಿಳಿಯೂದಿಲ್ಲ ಬಿಡಬೇ" ಎನ್ನುತ್ತಿದ್ದೆ. ಅವಳು ಮತ್ತೆ ರೊಟ್ಟಿ ಬಡಿಯುತ್ತಿದ್ದಳು.

ಮೊದಲು ಸಿಕ್ಕ ಗಿರಾಕಿ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ಸಂಘ. ಅದರ ಹಿರಿಯ ಶಿಕ್ಷಕಿ ರತ್ನವ್ವನವರು ಹುಬ್ಬಳ್ಳಿಯಲ್ಲಿ ಕುಳಿತು ಬಟ್ಟೆ ಕತ್ತರಿಸಿ ತೋರಿಸಬೇಕು, ಉಪ್ಪಿನಬೆಟಗೇರಿ, ಕೆಲಗೇರಿ ಮತ್ತು ಇನ್ನೆರಡು ಊರಿನವರು ತಮ್ಮ ತಮ್ಮ ಕೇಂದ್ರದಲ್ಲೇ ಕುಳಿತು ಕಲಿಯಬೇಕು. ಕೆಲಗೇರಿಯ ಕೇಂದ್ರ ನೋಡಿಕೊಳ್ಳುವವಳು ನಮ್ಮವ್ವನೇ.

"ಅವರಿಗೆ ಹಿಡಿಸಲಿಲ್ಲಂದ್ರ ಗುಂಪಿನ ಕರಿ ತಗದಬಿಡೂಣು ಸಂಘಮಿತ್ರಾ. ಇಬ್ಬರು ಮಾತಾಡೂದರ ಇದ್ದ ಐತಿ," ಎಂದು ಏಕನಾಥ ಸರ್ ಮೊದಲೇ ಹೇಳಿದ್ದರು. ಎಂಟು ತಿಂಗಳ ಕೆಲಸವನ್ನು ಎರಡು ನಿಮಿಷದಲ್ಲಿ ಅಳಿಸಬಹುದು. ನನಗೆ ಖರೇ ಹೇಳಬೇಕೆಂದರೆ ಹೆದರಿಕೆಯಾಗಿತ್ತು.

ಆದರೆ ಜಂಬವೂ ಇತ್ತು. ಐದು ಕಡೆ ಎಂದರೆ ಐದು ಫ್ಯಾನು, ಹತ್ತಾರು ಮಂದಿಯ ಕೆಮ್ಮು, ಹೊಲಿಗೆ ಯಂತ್ರಗಳ ಸದ್ದು. ಅದೆಲ್ಲ ಬರಬಾರದೆಂದು ನಾನೊಂದು ನಿಯಮ ಬರೆದಿದ್ದೆ. ಯಾರ ದನಿ ಜೋರಾಗಿದೆಯೋ ಅವರದ್ದು ಮಾತ್ರ ಎಲ್ಲರಿಗೂ ಹೋಗಬೇಕು, ಉಳಿದವರದ್ದೆಲ್ಲ ಬಂದ್. ಕೆಳಗೆ ಗಿರಣಿ ಓಡುತ್ತಿದ್ದರೂ ನಮ್ಮ ಪರೀಕ್ಷೆಯಲ್ಲಿ ಮಾತು ಸ್ವಚ್ಛವಾಗಿ ಕೇಳಿಸಿತ್ತು.

ಶನಿವಾರ ಸಂಘದ ಕೋಣೆಯಲ್ಲಿ ರತ್ನವ್ವನವರ ಪಕ್ಕಕ್ಕೆ ನಾನೂ ಸರ್ ಅವರೂ ಕುಳಿತೆವು. ತೆರೆಯ ಮೇಲೆ ನಾಲ್ಕು ಪುಟ್ಟ ಚೌಕಗಳಲ್ಲಿ ನಾಲ್ಕು ಕೇಂದ್ರದ ಹೆಂಗಸರು. ಆಗಿನ ಇಂಟರ್ನೆಟ್ಟಿನಲ್ಲಿ ಚಿತ್ರ ಎರಡು ಸೆಕೆಂಡಿಗೊಮ್ಮೆ ಬದಲಾದರೆ ಅದೇ ಪುಣ್ಯ.

"ಬಟ್ಟಿ ಮೊದಲ ನಾಕ ಮಡಚ್ರಿ. ಮಡಚಿದ ಕಡೆ ನಿಮ್ಮ ಎದರಿಗೆ ಇರ್ಲಿ," ಎಂದ ರತ್ನವ್ವ ನಿಂತುಬಿಟ್ಟರು. "ಕೇಳಾಕತ್ತದೇನ್ರಿ?"

"ಕೇಳಾಕತ್ತದ್ರಿ ಅಕ್ಕಾರ," ಎಂದು ಉಪ್ಪಿನಬೆಟಗೇರಿಯಿಂದ ದನಿ ಬಂತು.

ಮತ್ತೆರಡು ಮಾತು. ಮತ್ತೆ ನಿಂತರು. "ಇದ್ದೀರೇನ್ರಿ?" ಇದ್ದರು. ಮತ್ತೆ ತೋಳಿನ ಅಳತೆಗೆ ಹೋದರು, ಅರ್ಧಕ್ಕೆ ಬಿಟ್ಟರು. ಮೂರನೆಯ ಸಲ ಕತ್ತರಿಯನ್ನೇ ಕೆಳಗಿಟ್ಟರು.

"ಗ್ವಾಡಿ ಮುಂದ ಕುಂತು ಮಾತಾಡಿದಂಗ ಆಗ್ತದ ಏಕನಾಥ. ನನಗ ಮಾತ ಮುಂದ ಹೋಗವಲ್ದು."

ಸರ್ ನನ್ನ ಮುಖ ನೋಡಲಿಲ್ಲ. ಇನ್ನೊಂದು ವಾರ ಕೊಡಿ ಎಂದು ಕೇಳಿಕೊಂಡರು. ರತ್ನವ್ವ ಒಂದೇ ವಾರ ಎಂದು ಒಪ್ಪಿದರು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅವ್ವನ ಮೇಲೆ ಹರಿಹಾಯ್ದೆ. "ಎಲ್ಲಾರೂ ಕಲ್ಲಿನಂಗ ಕುಂತಿದ್ರೆಲ್ಲ ಯವ್ವಾ. ಒಬ್ಬರರ ಬಾಯಿ ಬಿಡಬಾರದೇನು? ಆಕಿ ಗಾಬರಿಯಾದ್ಲು."

ಅವ್ವ ನನ್ನ ಮುಂದೆ ತಾಟು ಇಟ್ಟಳು. "ಕಲ್ಲಿನಂಗ ಯಾಕ ಕೂಡ್ತೇವಿ? ಆಕಿ ಮಾತಾಡೂ ಮುಂದ ನಡುನಡುವ ನಾವೆಲ್ಲಾ ಮೆಲ್ಲಗ ಹೂಂ ಅನ್ನಾಕತ್ತಿದ್ವಿ. ಹೂಂ ಅನ್ನದಿದ್ರ ಹೇಳಾವ್ರು ಹೆಂಗ ಹೇಳಬೇಕು? ಸಣ್ಣಾಕಿದ್ದಾಗ ಕಥಿ ಕೇಳೂ ಮುಂದ ನೀನೂ ಅಂತಿದ್ದಿ. ಈಗ ದೊಡ್ಡಾಕ್ಯಾಗಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅವರ ಹೂಂ ಎಲ್ಲ ನನ್ನ ನಿಯಮದ ಬಾಗಿಲಿಗೆ ಬಂದು, ಮೆಲ್ಲಗಿದೆ ಎಂಬ ಒಂದೇ ತಪ್ಪಿಗೆ ಹೊರಗೇ ನಿಂತಿತ್ತು. ಇಬ್ಬರ ಕರೆಗೆ ಆ ನಿಯಮವಿರಲಿಲ್ಲ, ಅದಕ್ಕೇ ಅಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ. ಬಸ್ಸಿನಲ್ಲಾಗಲಿ ಸಂತೆಯಲ್ಲಾಗಲಿ, ಎದುರಿನವರು ಹೂಂಗುಟ್ಟದೆ ನಮ್ಮ ಕಡೆಯವರು ಎರಡು ಮಾತಿನ ಮೇಲೆ ಮೂರನೆಯದು ಆಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಅವ್ವನಿಗೆ ನನ್ನದು ತಪ್ಪಾಯಿತು ಎಂದು ಹೇಳಲಿಲ್ಲ. ಇನ್ನೊಂದು ರೊಟ್ಟಿ ಕೇಳಿದೆ.

ಸೋಮವಾರ ಏಕನಾಥ ಸರ್‌ಗೆ ಹೇಳಿದರೆ ಅವರಿಗೆ ಅನುಮಾನ. "ಎಲ್ಲಾರ ದನಿ ಬಿಟ್ರ ಮಷೀನ್ ಸಪ್ಪಳ, ಎಮ್ಮಿ ಒದರೂದು, ಎಲ್ಲಾ ಬರ್ತದಲ್ಲ?"

"ಬರ್ಲಿ ಬಿಡ್ರಿ ಸರ್. ಮಂದಿ ಇದ್ದಲ್ಲೆ ಸಪ್ಪಳ ಇರೂದ."

ನಾಲ್ಕು ದಿನ ಕುಳಿತು ಆ ನಿಯಮವನ್ನು ಕಿತ್ತುಹಾಕಿದೆ. ಐದೂ ಕಡೆಯ ದನಿಯನ್ನು ಕೂಡಿಸಿ, ಮಾತಾಡುವವರದನ್ನು ತುಸು ಮೇಲೆ, ಉಳಿದವರದನ್ನು ತುಸು ಕೆಳಗೆ ಇಟ್ಟೆ. ಯಾರದ್ದನ್ನೂ ಬಂದ್ ಮಾಡಲಿಲ್ಲ.

ಮುಂದಿನ ಶನಿವಾರ ರತ್ನವ್ವ ಅನುಮಾನದಿಂದಲೇ ಶುರು ಮಾಡಿದರು. "ಬಟ್ಟಿ ನಾಕ ಮಡಚ್ರಿ." ನಾಲ್ಕು ಕಡೆಯಿಂದ ಹಿಂದೆ ಮುಂದೆ ಹೂಂ ಬಂತು. ಎಲ್ಲೋ ಯಂತ್ರ ಟಕಟಕ ಅಂದಿತು, ಉಪ್ಪಿನಬೆಟಗೇರಿಯ ಎಮ್ಮೆಯೂ ತನ್ನದೊಂದು ಮಾತು ಸೇರಿಸಿತು. ರತ್ನವ್ವ ನಿಲ್ಲಲಿಲ್ಲ. ತೋಳು ಮುಗಿಸಿ, ಕೊರಳಿಗೆ ಬಂದು, ತಮ್ಮ ಸೊಸೆ ಕುಬಸ ಕೆಡಿಸಿದ ಕಥೆಯನ್ನೂ ಹೇಳಿದರು. ಗಡಿಯಾರ ನೋಡಿದರೆ ನಲವತ್ತು ನಿಮಿಷವಾಗಿತ್ತು.

"ಇದು ಇರ್ಲಿ ಏಕನಾಥ, ತಗೀಬ್ಯಾಡ್ರಿ," ಎಂದು ಮೈಕನ್ನು ನನ್ನ ಕಡೆ ಸರಿಸಿದರು. "ಹೋದ ವಾರ ಆಗಲಾರದ್ದು ಈ ವಾರ ಹೆಂಗಾತು? ಎಲ್ಲಾರಿಗೂ ತಿಳಿಯೂವಂಗ ಹೇಳವಾ."

ನಾನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. ಕೆಲಗೇರಿಯ ಚೌಕದಲ್ಲಿ ಅವ್ವ ಚಾಳೀಸಿನ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದ್ದು ಕಾಣಿಸಿತು.

"ಮೊದಲ ನಾನು ಜೋರ ಮಾತಾಡಾವ್ರ ದನಿ ಅಷ್ಟ ಬಿಡ್ತಿದ್ನಿರಿ," ಎಂದೆ.

ನಾಲ್ಕು ಕಡೆಯಿಂದ ಹೂಂ ಬಂತು. ಅದರಲ್ಲಿ ಒಂದು, ಉಳಿದವರೆಲ್ಲ ಮುಗಿಸಿದ ಮೇಲೆ ಎಳೆದು ಅನ್ನುವ ಹೂಂ, ನಾನು ಹುಟ್ಟಿದಾಗಿನಿಂದ ಕೇಳಿದ್ದು. ಎಂಟು ತಿಂಗಳು ನನ್ನ ಕೆಲಸವೇನೆಂದು ಅವ್ವನಿಗೆ ಹೇಳದೆ, ನಿನಗ ತಿಳಿಯೂದಿಲ್ಲ ಎಂದಿದ್ದಕ್ಕೆ ನಾಚಿಕೆಯಾಯಿತು.

"ತಿಳೀತೇನ್ ಯವ್ವಾ?" ಎಂದು ಕೇಳಿದೆ.

"ಹೂಂ," ಎಂದಳು ಅವ್ವ. "ಮುಂದ ಹೇಳು."